ಮೂರು ಎಕರೆ ನೀರು, ಒಂದು ಮಣ್ಣಿನ ಏರಿ: ಕಾಯುವುದು ಹೇಗೆ

ಪುಣೆಯಿಂದ ಪೌಡ್ ದಾಟಿ ಮುಳಶಿ ಕಡೆ ಹೋಗುವ ದಾರಿಯಲ್ಲಿ, ರಸ್ತೆಯಿಂದ ಸ್ವಲ್ಪ ಒಳಗೆ, ನಮ್ಮ ಕನ್ನಡದ ಒಂಬತ್ತು ಮನೆಯವರು ಸೇರಿ ಕೊಂಡ ಒಂದು ಜಾಗ ಇದೆ. ಎಲ್ಲರ ಮನಸ್ಸು ಹೋಗಿದ್ದು ಅಲ್ಲಿನ ಕೆರೆಯ ಮೇಲೆ. ಮೂರು ಎಕರೆ ನೀರು, ಎರಡು ಪೆಡಲ್ ಬೋಟು, ದಂಡೆಯಲ್ಲಿ ಒಂದು ಚಪ್ಪರ. ಹಿಂದಿನ ಮಾಲೀಕರು ಹಳ್ಳಕ್ಕೆ ಅಡ್ಡಲಾಗಿ ಮಣ್ಣಿನ ಏರಿ ಹಾಕಿಸಿ ಮಾಡಿಸಿದ ಕೆರೆ ಅದು. ಏರಿಯ ಉದ್ದ 110 ಮೀಟರ್, ನಟ್ಟನಡುವೆ ಎತ್ತರ 6 ಮೀಟರ್.

ನಾನು ಧಾರವಾಡದವಳು. ಸಿವಿಲ್ ಡಿಪ್ಲೊಮಾ ಮಾಡಿ 29 ವರ್ಷ ಸಣ್ಣ ನೀರಾವರಿ ಕೆರೆಗಳ ಕೆಲಸ ನೋಡಿದವಳು. ಈಗ ಮಗಳ ಜೊತೆ ಪುಣೆಯ ಕೋಥ್ರೂಡ್‌ನಲ್ಲಿದ್ದೇನೆ. ಜಾಗ ನೋಡಲು ಮೊದಲ ಸಲ ಹೋದಾಗ ಉಳಿದವರು ಬೋಟಿನ ಕಡೆ ನಡೆದರು, ನಾನು ಏರಿಯ ಹಿಂಬದಿಗೆ ಇಳಿದೆ. ಅವತ್ತಿನಿಂದ ಈ ಕೆಲಸ ನನ್ನದೇ ಆಗಿದೆ. ಲೋಣಾವಳಾ, ಕರ್ಜತ್, ಭೋರ್ ಕಡೆ ಇಂಥ ಕೆರೆ ಇರುವ ಪರಿಚಯದವರು ಕೇಳುತ್ತಿರುತ್ತಾರೆ, "ಅಕ್ಕಾ, ಏನೇನು ನೋಡಬೇಕು?" ಅಂತ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ಲೆಕ್ಕ. 3 ಎಕರೆ ಅಂದರೆ ಸುಮಾರು 12,000 ಚದರ ಮೀಟರ್. ಸರಾಸರಿ ಆಳ 2.2 ಮೀಟರ್ ಹಿಡಿದರೂ 2.6 ಕೋಟಿ ಲೀಟರ್ ನೀರಾಯಿತು. ಬೇಸಿಗೆಯಲ್ಲಿ ನಮ್ಮ ಸೊಸೈಟಿಗೆ 10,000 ಲೀಟರಿನ ಟ್ಯಾಂಕರ್ ಬರುತ್ತದಲ್ಲ, ಅಂಥವು 2,600. ಅಷ್ಟನ್ನೂ ತಡೆದು ನಿಲ್ಲಿಸಿರುವುದು ಬರೀ ಮಣ್ಣು. ಏರಿಯಿಂದ 700 ಮೀಟರ್ ಕೆಳಗೆ, ಹಳ್ಳದ ಪಕ್ಕದಲ್ಲೇ, 14 ಮನೆಗಳ ಒಂದು ವಾಡಿ ಇದೆ.

ಇದನ್ನು ಪರೀಕ್ಷೆ ಮಾಡಲು ಯಾವ ಅಧಿಕಾರಿಯೂ ತಾನಾಗಿ ಬರುವುದಿಲ್ಲ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ 15 ಮೀಟರಿಗಿಂತ ಎತ್ತರದ ಅಣೆಕಟ್ಟುಗಳಿಗೆ, ಮತ್ತು 10ರಿಂದ 15 ಮೀಟರಿನ ನಡುವಿನ ಕೆಲವಕ್ಕೆ. ನಮ್ಮ 6 ಮೀಟರಿನ ಏರಿ ಅದರಲ್ಲಿ ಬರುವುದೇ ಇಲ್ಲ. ಆದರೆ ಸಣ್ಣ ಅಣೆಕಟ್ಟು ಸಣ್ಣ ಅನಾಹುತವನ್ನೇ ಮಾಡುತ್ತದೆ ಅಂತ ಏನೂ ಇಲ್ಲ. 2019ರ ಜುಲೈ 2ರ ರಾತ್ರಿ ರತ್ನಾಗಿರಿ ಜಿಲ್ಲೆಯ ಚಿಪಳೂಣ್ ತಾಲೂಕಿನಲ್ಲಿ ತಿವರೆ ಅಣೆಕಟ್ಟು ಒಡೆಯಿತು. ಅದೂ ಮಣ್ಣಿನದೇ, ನಮ್ಮದಕ್ಕಿಂತ ಎತ್ತರದ್ದಾದರೂ ಸಣ್ಣ ನೀರಾವರಿ ಯೋಜನೆಯದು. ಕೆಳಗಿನ ವಾಡಿಯ ಸುಮಾರು 20 ಜನ ಕೊಚ್ಚಿಹೋದರು. ನೀರು ಸೋರುತ್ತಿದೆ ಅಂತ ಊರಿನವರು ಮೊದಲೇ ಹೇಳಿದ್ದರು. ನಮ್ಮ ಕೆರೆಯ ಮೇಲೆ ಮೋಡ ಕಟ್ಟಿದಾಗಲೆಲ್ಲ ನನಗೆ ಆ ಮಾತು ನೆನಪಾಗುತ್ತದೆ.

ಯಾವಾಗ ನೋಡಬೇಕು

ಎಲ್ಲರೂ ಮಳೆಗಾಲಕ್ಕೆ ಮುಂಚೆ ಒಂದು ಸಲ ನೋಡಿ ಸುಮ್ಮನಾಗುತ್ತಾರೆ. ಮೇ ತಿಂಗಳಲ್ಲಿ ನೋಡಲೇಬೇಕು, ನಿಜ. ಆಗ ನೀರು ಕೆಳಗಿರುತ್ತದೆ, ಒಳಬದಿಯ ಕಲ್ಲು ಹೊದಿಕೆ ಪೂರ್ತಿ ಕಾಣುತ್ತದೆ, ಬಿರುಕುಗಳೂ ಬಾಯಿ ಬಿಟ್ಟಿರುತ್ತವೆ. ಆದರೆ ಸೋರಿಕೆ ಹಿಡಿಯಲು ಅದು ಸರಿಯಾದ ಕಾಲವಲ್ಲ. ನೀರೇ ಇಲ್ಲದಾಗ ಸೋರುವುದೇನು? ಅದಕ್ಕೆ ಒಳ್ಳೆಯ ಕಾಲ ಅಕ್ಟೋಬರ್ ಕೊನೆ, ನವೆಂಬರ್. ಮಳೆ ನಿಂತಿರುತ್ತದೆ, ಕೆರೆ ತುಂಬಿರುತ್ತದೆ, ಸುತ್ತಲಿನ ನೆಲ ಒಣಗಿರುತ್ತದೆ. ಆಗ ಏರಿಯ ಕೆಳಗೆ ಎಲ್ಲಾದರೂ ಹಸಿ ಕಂಡರೆ ಅದು ಕೆರೆಯದೇ ನೀರು, ಬೇರೆ ಲೆಕ್ಕವೇ ಇಲ್ಲ.

ನಾನು ಸಂಜೆ ನಾಲ್ಕೂವರೆಗೆ ಇಳಿಯುತ್ತೇನೆ. ಬೆಳಿಗ್ಗೆ ಇಬ್ಬನಿಗೆ ಹುಲ್ಲೆಲ್ಲ ಒದ್ದೆಯಾಗಿರುತ್ತದೆ, ಯಾವುದು ಇಬ್ಬನಿ, ಯಾವುದು ಒಸರು ಅಂತ ಗೊತ್ತಾಗುವುದಿಲ್ಲ. ಸಂಜೆಯ ಓರೆ ಬಿಸಿಲಲ್ಲಿ ಇಳಿಜಾರಿನ ಮೇಲಿನ ಸಣ್ಣ ಉಬ್ಬು, ತಗ್ಗಿಗೂ ನೆರಳು ಬೀಳುತ್ತದೆ. ಅದಕ್ಕೆ ಎರಡು ದಿನ ಮುಂಚೆ ಹುಲ್ಲು ಕತ್ತರಿಸಿರಬೇಕು. ಮೊಣಕಾಲುದ್ದ ಹುಲ್ಲು ಬೆಳೆದ ಏರಿಯನ್ನು ನೋಡಿದೆ ಅಂದರೆ ಅದು ನೋಡಿದ ಹಾಗಲ್ಲ.

ಜೂನ್‌ನಲ್ಲಿ ಕೆರೆ ಮೊದಲ ಸಲ ತುಂಬುವ ವಾರ ಮಾತ್ರ ದಿನಾ ನೋಡಬೇಕು. ಬೇಸಿಗೆಯಲ್ಲಿ ಒಣಗಿ ಬಿರಿದ ಮಣ್ಣಿಗೆ ಥಟ್ಟನೆ ನೀರು ತಾಗುವುದು ಆಗಲೇ. ಈ ಕಡೆಯ ಮಳೆಯನ್ನು ಪುಣೆಯ ಮಳೆಯಿಂದ ಅಳೆಯಬೇಡಿ. ಪೇಟೆಯಲ್ಲಿ ವರ್ಷಕ್ಕೆ 700 ಮಿ.ಮೀ. ಆಸುಪಾಸು ಬಿದ್ದರೆ, ಘಟ್ಟದಂಚಿನ ತಾಮ್ಹಿಣಿಯಲ್ಲಿ ಅದರ ಎಷ್ಟೋ ಪಟ್ಟು ಸುರಿಯುತ್ತದೆ. ನಾವು ಕೋಥ್ರೂಡ್‌ನಲ್ಲಿ ಕಿಟಕಿಯಿಂದ ತುಂತುರು ನೋಡುತ್ತಿರುವಾಗ ಅಲ್ಲಿ ಕೋಡಿ (ತುಂಬಿದ ಕೆರೆಯ ಹೆಚ್ಚಿನ ನೀರು ಹೊರಹೋಗುವ ದಾರಿ) ಹರಿಯುತ್ತಿರಬಹುದು. ಅದಕ್ಕೇ ಅಲ್ಲೇ ಇರುವ ಕಾವಲಿನ ಮಾಮಾ ಅವರಿಗೆ ನನಗೆ ಗೊತ್ತಿದ್ದದ್ದನ್ನೆಲ್ಲ ಕಲಿಸಿದ್ದೇನೆ. ಮಾತು ತಪ್ಪಬಾರದು ಅಂತ ಹೆಸರುಗಳನ್ನೂ ಗಟ್ಟಿ ಮಾಡಿಕೊಂಡಿದ್ದೇವೆ. ನಮ್ಮ ಕೋಡಿ ಅವರಿಗೆ ಸಾಂಡ್ವಾ, ಏರಿ ಅವರಿಗೆ ಬಾಂಧ್, ಕಲಕು ನೀರು ಅವರಿಗೆ ಗಢೂಳ್ ಪಾಣಿ. ಫೋನಿನಲ್ಲಿ "ಗಢೂಳ್" ಅನ್ನುವ ಒಂದು ಶಬ್ದ ಕೇಳಿದರೆ ಸಾಕು, ನಾನು ಚಪ್ಪಲಿ ಮೆಟ್ಟಿಕೊಂಡಿರುತ್ತೇನೆ.

ಸಾಮಾನು ಜಾಸ್ತಿ ಬೇಡ. ಗಮ್‌ಬೂಟು (ಹಾವಿನ ಭಯ ಇದ್ದೇ ಇದೆ), ಒಂದು ಕೋಲು, ತೆಳ್ಳನೆಯ ಕಬ್ಬಿಣದ ಸರಳು, ಅಳತೆ ಟೇಪು, 10 ಲೀಟರಿನ ಬಕೆಟ್, ಎರಡು ಗಾಜಿನ ಬಾಟಲಿ, ನೋಟ್‌ಬುಕ್, ಫೋನು. ಒಬ್ಬರೇ ಹೋಗಬೇಡಿ.

ಏರಿಯ ಬುಡದಿಂದ ಶುರು ಮಾಡಿ

ಏರಿಯ ಮೇಲೆ ನಡೆದರೆ ಕೆರೆ ಕಾಣುತ್ತದೆ. ಏರಿ ಕಾಣಬೇಕಾದರೆ ಹಿಂಬದಿಗೆ ಇಳಿದು ಬುಡದಲ್ಲಿ ನಡೆಯಬೇಕು. ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಿ, ವಾಪಸ್ ಬರುವಾಗ ಇಳಿಜಾರಿನ ನಡುವೆ ಬನ್ನಿ. ಬುಡದಿಂದ 20 ಮೀಟರ್ ಆಚೆಗಿನ ನೆಲವನ್ನೂ ನೋಡಿ, ಏಕೆಂದರೆ ಏರಿಯ ಅಡಿಯಿಂದ ಹೊರಟ ನೀರು ದೂರದಲ್ಲಿ ಏಳಬಹುದು. ಏರಿ ಗುಡ್ಡಕ್ಕೆ ಸೇರುವ ಎರಡು ಕೊನೆಗಳಲ್ಲಿ, ತೂಬಿನ (ಕೆರೆಯ ನೀರು ಹೊರಬಿಡುವ ಬಾಗಿಲಿನ ಕೊಳವೆ) ಬಾಯಿಯ ಹತ್ತಿರ ಜಾಸ್ತಿ ಹೊತ್ತು ನಿಲ್ಲಿ.

ಕಾಲಿಗೆ ಮೆತ್ತಗಾಗುವ ನೆಲ, ಸುತ್ತ ಒಣಗಿರುವಾಗ ಹಸಿರಾಗಿರುವ ಹುಲ್ಲಿನ ತೇಪೆ, ಜೊಂಡು, ಕೆಸವು ಇವೆಲ್ಲ ನೀರಿನ ಗುರುತು. ಮೊದಲ ವರ್ಷ ಡಿಸೆಂಬರ್‌ನಲ್ಲಿ ನಮ್ಮವರೊಬ್ಬರು ಪತ್ರೊಡೆಗೆ ಅಂತ ಒಂದು ಕಟ್ಟು ಕೆಸವಿನ ಎಲೆ ಕುಯ್ದು ತಂದರು. ಎಲ್ಲಿ ಸಿಕ್ಕಿತು ಅಂತ ಕೇಳಿದೆ. ಏರಿಯ ಎಡ ತುದಿಯ ಕೆಳಗೆ ಅಂದರು. ಮಳೆ ನಿಂತು ಎರಡು ತಿಂಗಳಾದ ಮೇಲೆ ಅಲ್ಲಿ ಕೆಸವು ಸೊಂಪಾಗಿದೆ ಅಂದರೆ ನೀರು ಎಲ್ಲಿಂದ? ಪತ್ರೊಡೆ ಆಯಿತು, ಮರುದಿನವೇ ಅಲ್ಲೊಂದು ಗೂಟ ನೆಟ್ಟು ಗುರುತು ಮಾಡಿದೆ. ಇವತ್ತಿಗೂ ನಾನು ಅಳೆಯುವ ಮುಖ್ಯ ಒಸರು ಅದೇ.

ಮಣ್ಣಿನ ಏರಿ ಒಂದಿಷ್ಟು ಒಸರಿಯೇ ಒಸರುತ್ತದೆ. ಅದಕ್ಕೆ ಹೆದರಬೇಕಿಲ್ಲ. ನೀರು ಬರುವುದು ತಪ್ಪಲ್ಲ, ನೀರಿನ ಜೊತೆ ಮಣ್ಣು ಬರುವುದು ತಪ್ಪು. ಇದನ್ನು ನನಗೆ ಕಲಿಸಿದ್ದು ಕಾಲೇಜಲ್ಲ. ಕೆಲಸಕ್ಕೆ ಸೇರಿದ ಎರಡನೇ ಮಳೆಗಾಲದಲ್ಲಿ ಒಂದು ಹಳ್ಳಿಯ ಕೆರೆಗೆ ಹೋಗಿದ್ದೆ. ಏರಿಯ ಬುಡದಲ್ಲಿ ಬೆರಳು ಗಾತ್ರದ ನೀರು ಹರಿಯುತ್ತಿತ್ತು. ಇಷ್ಟೇ ಅಲ್ವಾ ಅಂದುಕೊಂಡೆ. ಅಲ್ಲಿ ತೂಬು ನೋಡಿಕೊಳ್ಳುವ ಅಜ್ಜ ಒಬ್ಬರಿದ್ದರು. ಅವರು ತಮ್ಮ ಬಿಳಿ ಧೋತರದ ತುದಿಯನ್ನು ಆ ನೀರಿನಲ್ಲಿ ಸ್ವಲ್ಪ ಹೊತ್ತು ಹಿಡಿದು, ತೆಗೆದು ನನ್ನ ಮುಂದೆ ಚಾಚಿದರು. "ನೋಡವಾ, ಅರಬಿ ಕೆಂಪಾತು. ಹರಿಯಾಕತ್ತಿದ್ದು ನೀರಲ್ಲ, ಒಡ್ಡು." ಆ ರಾತ್ರಿಯೆಲ್ಲ ಊರಿನವರು ಮರಳು, ಜಲ್ಲಿ ಹೊತ್ತರು. ಕೆರೆ ಉಳಿಯಿತು.

ಅಜ್ಜ ಹೇಳಿದ್ದು ಎಷ್ಟು ನಿಜ ಅಂತ ಆಮೇಲೆ ಓದಿದಾಗ ಗೊತ್ತಾಯಿತು. ಸೋರುವ ನೀರು ಮೊದಲು ಹೊರಗಿನ ಬಾಯಿಯಲ್ಲಿ ಮಣ್ಣಿನ ಕಣ ಎತ್ತಿಕೊಂಡು ಹೋಗುತ್ತದೆ. ಅಲ್ಲೊಂದು ಸಣ್ಣ ಗುಳಿ ಆಗುತ್ತದೆ. ಗುಳಿ ಒಳಕ್ಕೆ, ಕೆರೆಯ ಕಡೆಗೆ, ಕೊಳವೆಯ ಹಾಗೆ ಬೆಳೆಯುತ್ತದೆ. ದಾರಿ ಗಿಡ್ಡವಾದಷ್ಟೂ ನೀರಿನ ರಭಸ ಜಾಸ್ತಿ, ರಭಸ ಜಾಸ್ತಿಯಾದಷ್ಟೂ ಮಣ್ಣು ಬೇಗ ಹೋಗುತ್ತದೆ. ವರ್ಷಗಟ್ಟಲೆ ನಿಧಾನವಾಗಿದ್ದದ್ದು ಕೊನೆಗೆ ಕೆಲವೇ ಗಂಟೆಗಳಲ್ಲಿ ಮುಗಿಯುತ್ತದೆ. ಅಮೆರಿಕದ ಐಡಾಹೊದಲ್ಲಿ ಟೀಟನ್ ಅಂತ 93 ಮೀಟರ್ ಎತ್ತರದ ಮಣ್ಣಿನ ಅಣೆಕಟ್ಟು ಇತ್ತು. 1976ರ ಜೂನ್ 5ರ ಬೆಳಿಗ್ಗೆ ಕಲಕು ನೀರು ಕಂಡಿತು. ಮಧ್ಯಾಹ್ನ 12 ಗಂಟೆ ಆಗುವಷ್ಟರಲ್ಲಿ ಅಣೆಕಟ್ಟು ಒಡೆದಿತ್ತು.

ನಾನು ಅಜ್ಜನ ಧೋತರದ ಬದಲು ಬಾಟಲಿ ಬಳಸುತ್ತೇನೆ. ಒಸರು ನೀರನ್ನು ಗಾಜಿನ ಬಾಟಲಿಯಲ್ಲಿ ಹಿಡಿದು, ತಾರೀಕು ಬರೆದ ಚೀಟಿ ಅಂಟಿಸಿ, ರಾತ್ರಿಯಿಡೀ ಅಲುಗಿಸದೆ ಇಡಿ. ಬೆಳಿಗ್ಗೆ ತಳದಲ್ಲಿ ಮಣ್ಣಿನ ಪದರ ಕೂತಿದ್ದರೆ ಆ ವಾರವೇ ತಿಳಿದವರನ್ನು ಕರೆಸಿ. ಬಾಟಲಿ ಹಿಡಿಯುವ ಮೊದಲೇ ಕಣ್ಣಿಗೆ ಕಲಕು ಕಂಡರೆ ರಾತ್ರಿ ಕಾಯಬೇಡಿ, ಕೊನೆಯಲ್ಲಿ ಬರೆದಿರುವುದನ್ನು ಮಾಡಿ.

ಎಷ್ಟು ನೀರು ಅನ್ನುವುದನ್ನೂ ಅಳೆಯಬೇಕು. ಒಸರಿನ ಮುಂದೆ ಮಣ್ಣಿನ ಸಣ್ಣ ಅಡ್ಡಕಟ್ಟೆ ಮಾಡಿ, ಅದರಲ್ಲಿ ಒಂದು ತುಂಡು ಪಿವಿಸಿ ಪೈಪು ಕೂರಿಸಿ. ಕೆಳಗೆ ಬಕೆಟ್ ಹಿಡಿದು, ತುಂಬಲು ಎಷ್ಟು ಸೆಕೆಂಡ್ ಅಂತ ಫೋನಿನಲ್ಲಿ ನೋಡಿ. ನಮ್ಮಲ್ಲಿ ಕೆರೆ ತುಂಬಿದಾಗ 45ರಿಂದ 50 ಸೆಕೆಂಡ್. ಮೂರು ವರ್ಷದಿಂದ ಅಷ್ಟೇ ಇದೆ. ಆ ಸಂಖ್ಯೆಯ ಪಕ್ಕದಲ್ಲಿ ಅವತ್ತಿನ ಕೆರೆಯ ನೀರಿನ ಮಟ್ಟ ಬರೆಯದಿದ್ದರೆ ಅಳತೆಗೆ ಅರ್ಥವಿಲ್ಲ. ನೀರು ಏರಿದರೆ ಒಸರೂ ಏರುವುದು ಸಹಜ. ಮಟ್ಟ ಅಷ್ಟೇ ಇದ್ದು ಒಸರು ಜಾಸ್ತಿಯಾದರೆ ಚಿಂತೆ ಮಾಡಬೇಕು. ಇದ್ದಕ್ಕಿದ್ದಂತೆ ಕಡಿಮೆಯಾದರೂ ಖುಷಿ ಪಡಬೇಡಿ, ನೀರು ಬೇರೆ ದಾರಿ ಹುಡುಕಿಕೊಂಡಿರಬಹುದು. ಇನ್ನೊಂದು ಸಲ ಬುಡವನ್ನೆಲ್ಲ ನಡೆದು ನೋಡಿ.

ಕೆಲವು ಕಡೆ ಬುಡದ ಆಚೆ ನೆಲದಲ್ಲಿ ನೀರು ಬುಗ್ಗೆಯ ಹಾಗೆ ಎದ್ದು, ಸುತ್ತ ಮರಳು ಇರುವೆ ಗೂಡಿನಂತೆ ಉಂಗುರವಾಗಿ ಕೂತಿರುತ್ತದೆ. ಅದನ್ನು ಕಂಡ ಕೂಡಲೇ ಸಿಮೆಂಟು, ಜೇಡಿಮಣ್ಣು ತುರುಕಿ ಮುಚ್ಚುವ ಆಸೆ ಎಲ್ಲರಿಗೂ ಬರುತ್ತದೆ. ದಯವಿಟ್ಟು ಮುಚ್ಚಬೇಡಿ. ಒತ್ತಡದ ನೀರು ಪಕ್ಕದಲ್ಲಿ ಇನ್ನೊಂದು ಬಾಯಿ ತೆಗೆಯುತ್ತದೆ. ನೀರು ಹೋಗಬೇಕು, ಮಣ್ಣು ನಿಲ್ಲಬೇಕು. ಅದಕ್ಕೆ ಮೊದಲು ದಪ್ಪ ಮರಳು, ಅದರ ಮೇಲೆ ಸಣ್ಣ ಜಲ್ಲಿ, ಅದರ ಮೇಲೆ ದೊಡ್ಡ ಜಲ್ಲಿ, ಹೀಗೆ ಒಂದೊಂದು ಅಡಿಯ ಪದರ ಹಾಕಬೇಕು. ಸುತ್ತ ಮರಳಿನ ಚೀಲದ ಕಟ್ಟೆ ಕಟ್ಟಿದರೆ ಒಳಗೆ ನೀರು ಸ್ವಲ್ಪ ನಿಂತು ಒತ್ತಡ ಇಳಿಯುತ್ತದೆ. ನಾವು ಒಂದು ಬ್ರಾಸ್ (100 ಘನ ಅಡಿ) ಮರಳು, ಒಂದು ಬ್ರಾಸ್ ಜಲ್ಲಿ, 200 ಖಾಲಿ ಚೀಲ ಯಾವಾಗಲೂ ಏರಿಯ ಬಲ ತುದಿಯಲ್ಲಿ ಇಟ್ಟಿರುತ್ತೇವೆ. ಅದನ್ನು ಚಪ್ಪರದ ರಿಪೇರಿಗೆ ಕೇಳಿದಾಗ ನಾನು ಕೊಟ್ಟಿಲ್ಲ.

ಕೋಡಿ

ನನ್ನ ಜಗಳಗಳೆಲ್ಲ ಕೋಡಿಯ ಬಗ್ಗೆಯೇ. ಮೋಜಿನ ಕೆರೆಗೂ ಊರ ಕೆರೆಗೂ ವ್ಯತ್ಯಾಸ ಇರುವುದು ಇಲ್ಲಿ. ಊರಿನವರಿಗೆ ನೀರು ಗದ್ದೆಗೆ ಹೋಗಬೇಕು, ನಮಗೆ ನೀರು ನಿಂತಿರಬೇಕು. ಮೇ ತಿಂಗಳಲ್ಲಿ ಮಕ್ಕಳು ಬಂದಾಗ ಬೋಟು ಕೆಸರಿಗೆ ತಾಗಬಾರದು. ಹಾಗಾಗಿ ಸೆಪ್ಟೆಂಬರ್ ಬಂತು ಅಂದರೆ ಯಾರೋ ಒಬ್ಬರು, "ಕೋಡಿಗೆ ಎರಡು ಅಡಿ ಮರಳಿನ ಚೀಲ ಇಟ್ಟರೆ ಎಷ್ಟೊಂದು ನೀರು ಉಳಿಯುತ್ತೆ" ಅನ್ನುತ್ತಾರೆ.

ಅವರಿಗೆ ಈ ಲೆಕ್ಕ ತೋರಿಸುತ್ತೇನೆ. ನಮ್ಮ ಕೆರೆಗೆ ನೀರು ಕೊಡುವ ಗುಡ್ಡ ಸುಮಾರು 24 ಹೆಕ್ಟೇರ್. ಗಂಟೆಗೆ 100 ಮಿ.ಮೀ. ಮಳೆ ಬಿದ್ದು, ನೆನೆದ ನೆಲ ಏನನ್ನೂ ಹೀರದೆ ಎಲ್ಲ ಹರಿದರೆ, ಸೆಕೆಂಡಿಗೆ 6.7 ಘನ ಮೀಟರ್ ನೀರು ಬರುತ್ತದೆ. ಕೋಡಿ ಎಷ್ಟು ಬಿಡುತ್ತದೆ? ಅಂದಾಜಿಗೆ ಒಂದು ಸುಲಭದ ಸೂತ್ರ ಇದೆ. ಕೋಡಿಯ ಅಗಲ, ಅದರ ಮೇಲೆ ಹರಿಯುವ ನೀರಿನ ಆಳ, ಆ ಆಳದ ವರ್ಗಮೂಲ, ಈ ಮೂರನ್ನೂ ಗುಣಿಸಿ 1.7ರಿಂದ ಮತ್ತೆ ಗುಣಿಸಿ. ನಮ್ಮ ಕೋಡಿ 6 ಮೀಟರ್ ಅಗಲ. ಅದರ ಹೊಸ್ತಿಲಿನಿಂದ ಏರಿಯ ತಲೆಗೆ ಒಂದೂವರೆ ಮೀಟರ್. ಅಲೆ, ಗಾಳಿಗೆ ಅಂತ ಅರ್ಧ ಮೀಟರ್ ಬಿಟ್ಟರೆ 1 ಮೀಟರ್ ಆಳ ಹರಿಯಬಹುದು. ಸೆಕೆಂಡಿಗೆ 10.2 ಘನ ಮೀಟರ್ ಆಯಿತು. ಬರುವುದು 6.7, ಹೋಗುವುದು 10.2. ನಿಶ್ಚಿಂತೆ.

ಈಗ 60 ಸೆಂ.ಮೀ. ಎತ್ತರ ಚೀಲ ಇಡಿ. ಉಳಿಯುವ ಆಳ 40 ಸೆಂ.ಮೀ. ಕೋಡಿ ಬಿಡುವುದು 2.6 ಘನ ಮೀಟರ್. ಎರಡು ಅಡಿ ಚೀಲದಿಂದ ಕೋಡಿ ಕಾಲು ಭಾಗವಾಯಿತು! ಉಳಿದ ನೀರು ಏರುತ್ತಾ ಹೋಗಿ ಏರಿಯ ತಲೆಯ ಮೇಲಿಂದ ಹರಿಯುತ್ತದೆ. ಮಣ್ಣಿನ ಏರಿ ಮೇಲಿಂದ ಹರಿಯುವ ನೀರನ್ನು ತಡೆಯುವುದಿಲ್ಲ. ಹಿಂಬದಿಯ ಇಳಿಜಾರನ್ನು ಅದು ಕೊರೆದುಬಿಡುತ್ತದೆ. ಸೂತ್ರ ಅಂದಾಜಿನದು, ನಿಮ್ಮ ಕೆರೆಗೆ ಸರಿಯಾದ ಪ್ರವಾಹದ ಲೆಕ್ಕವನ್ನು ಇಂಜಿನಿಯರ್ ಹತ್ತಿರ ಮಾಡಿಸಿ. ಆದರೆ ಚೀಲ ಇಡಬಾರದು ಅನ್ನಲು ಅಂದಾಜೇ ಸಾಕು.

ಜಾಸ್ತಿ ನೀರು ನಿಲ್ಲಿಸುವ ಆಸೆ ವಿಶ್ವೇಶ್ವರಯ್ಯನವರಿಗೂ ಇತ್ತು. ಪುಣೆಯಲ್ಲಿ ಓದಿ, ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿದ್ದಾಗ ಅವರು ಖಡಕ್ವಾಸ್ಲಾ ಅಣೆಕಟ್ಟಿನ ಕೋಡಿಯ ಮೇಲೆ ಬಾಗಿಲು ಕೂರಿಸಿದರು. 1903ರಲ್ಲಿ. ನೀರಿನ ಮಟ್ಟ ಏರಿತು, ಸಂಗ್ರಹ ಹೆಚ್ಚಿತು. ಆದರೆ ಪ್ರವಾಹ ಬಂದು ನೀರು ಗುರುತಿನ ಮಟ್ಟ ದಾಟಿದರೆ ಆ ಬಾಗಿಲು ತಾನಾಗಿಯೇ ತೆರೆಯುತ್ತಿತ್ತು. ಮರಳಿನ ಚೀಲ ತಾನಾಗಿ ಏಳುವುದಿಲ್ಲ. ನಮ್ಮವರನ್ನು ಖಡಕ್ವಾಸ್ಲಾಕ್ಕೆ ಕರೆದುಕೊಂಡು ಹೋದಾಗ ಇದನ್ನು ಹೇಳಿದೆ. ಆಮೇಲೆ ಚೀಲದ ಮಾತು ಕಡಿಮೆಯಾಗಿದೆ. ನೀರು ಜಾಸ್ತಿ ಬೇಕಿದ್ದರೆ ಬೇಸಿಗೆಯಲ್ಲಿ ಹೂಳು ತೆಗೆಸಿ. ಆದರೆ ಏರಿಯ ಬುಡದ ಹತ್ತಿರ ಕೆದಕಬೇಡಿ, ನೀರು ಇಂಗದಂತೆ ತಡೆಯುವ ಮಣ್ಣಿನ ಪದರವನ್ನು ಜೆಸಿಬಿ ಕಿತ್ತುಹಾಕುತ್ತದೆ.

ಚೀಲಕ್ಕಿಂತ ಮೋಸದ್ದು ಮೀನಿನ ಬಲೆ. ನಾವು ರೋಹು, ಕಟ್ಲಾ ಮರಿ ಬಿಟ್ಟಿದ್ದೆವು. ಕೋಡಿ ಬಿದ್ದರೆ ಮೀನು ಹೋಗುತ್ತದೆ ಅಂತ ಅಡ್ಡ ಬಲೆ ಕಟ್ಟಿದ್ದರು. ನೋಡಲು ಅದು ಬರೀ ತೂತು. ಆದರೆ ಮೊದಲ ದೊಡ್ಡ ಮಳೆಗೆ ತೇಗದ ಎಲೆ, ಹುಲ್ಲು, ಪ್ಲಾಸ್ಟಿಕ್ ಬಂದು ಹತ್ತೇ ನಿಮಿಷದಲ್ಲಿ ಅದು ಗೋಡೆಯಾಯಿತು. ಮಾಮಾ ಕುಡುಗೋಲಿನಿಂದ ಕೊಯ್ದು ಹಾಕುವಷ್ಟರಲ್ಲಿ ನೀರು ಒಂದು ಅಡಿ ಏರಿತ್ತು. ಈಗ ಜೂನ್‌ನಿಂದ ಸೆಪ್ಟೆಂಬರ್ ಮುಗಿಯುವವರೆಗೆ ಬಲೆ ಇಲ್ಲ. ಮೀನು ಹೋದರೆ ಹೋಗಲಿ.

ಕೋಡಿಯ ಮುಂದಿನ ಕಾಲುವೆಯನ್ನೂ ಕೊನೆಯವರೆಗೆ ನಡೆದು ನೋಡಿ. ನೀರು ಏರಿಯ ಬುಡಕ್ಕೆ ತಿರುಗಬಾರದು. ಕಾಲುವೆಯ ತಳ ಮೆಟ್ಟಿಲಿನ ಹಾಗೆ ಕೊರೆದು ಪ್ರತಿ ವರ್ಷ ಕೋಡಿಯ ಕಡೆಗೆ ಸರಿಯುತ್ತಿದ್ದರೆ, ಟೇಪು ಹಿಡಿದು ದೂರ ಬರೆದಿಡಿ. ಕಲ್ಲು ಹಾಸಿಸುವುದನ್ನು ಮುಂದಕ್ಕೆ ಹಾಕಬೇಡಿ.

ಚೆಂದ ಮಾಡಲು ಹೋಗಿ

ಏರಿಯ ಮೇಲೆ ಸಾಲಾಗಿ ಗುಲ್‌ಮೊಹರ್ ನೆಡೋಣ ಅನ್ನುವವರ ಮನಸ್ಸು ನನಗೆ ಅರ್ಥವಾಗುತ್ತದೆ. ಆದರೆ ಮರದ ಬೇರು ಏರಿಯೊಳಗೆ ಹೋಗುತ್ತದೆ. ಮರ ಸತ್ತ ಮೇಲೆ ಬೇರು ಕೊಳೆತು ಟೊಳ್ಳಾಗುತ್ತದೆ. ಆ ಟೊಳ್ಳೇ ನೀರಿಗೆ ದಾರಿ. ಗಾಳಿಗೆ ಮರ ಬುಡಸಮೇತ ಬಿದ್ದರೆ ಏರಿಯ ಒಂದು ತುಂಡೇ ಕಿತ್ತು ಬರುತ್ತದೆ. ಏರಿಗೆ ಒಪ್ಪುವುದು ಗರಿಕೆ, ಅದೂ ಗಿಡ್ಡಗೆ ಕತ್ತರಿಸಿದ್ದು. ಸಣ್ಣ ಗಿಡಗಳನ್ನು ಬೇರುಸಹಿತ ಕಿತ್ತು ಗುಳಿಗೆ ಮಣ್ಣು ತುಂಬಿ ದಮ್ಮಸ್ಸು ಮಾಡಿ. ದೊಡ್ಡ ಮರ ಈಗಾಗಲೇ ಇದ್ದರೆ ಹುಷಾರು, ಸುಮ್ನೆ ಕಡಿದು ಬುಡ ಬಿಟ್ಟರೆ ಕೊಳೆಯುವ ಬೇರು ಒಳಗೇ ಉಳಿಯಿತು. ಕೆರೆಯ ನೀರು ಇಳಿಸಿ, ಬೇರಿನ ಗಡ್ಡೆ ಅಗೆದು ತೆಗೆದು, ಪದರ ಪದರವಾಗಿ ಮಣ್ಣು ಕೂರಿಸಬೇಕು. ಅದನ್ನು ತಿಳಿದ ಇಂಜಿನಿಯರ್ ಮುಂದೆ ನಿಂತು ಮಾಡಿಸಬೇಕು.

ಬೋಟಿಗೆ ಇಳಿಯಲು ಏರಿಯ ಒಳಬದಿಯಲ್ಲಿ ಮೆಟ್ಟಿಲು ಕಡಿಯಬೇಡಿ. ಬೋಟಿನ ದಂಡೆ ಏರಿಯಿಂದ ದೂರ, ಸಹಜ ನೆಲದ ಮೇಲೆ ಇರಲಿ. ಏರಿಯ ಮೇಲೆ ಕಾರು ಬೇಡ, ಗಾಲಿಯ ಜಾಡಿನಲ್ಲಿ ಮಳೆನೀರು ನಿಂತು ಇಂಗುತ್ತದೆ.

ಲಾನ್‌ಗೆ ನೀರು ಹಾಕಲು ಏರಿ ಅಗೆದು ಪೈಪು ಹಾಯಿಸುವುದಂತೂ ಬೇಡವೇ ಬೇಡ. ಏರಿಯ ಮೇಲಿಂದ ಹಾಕಿ. ಪೈಪಿನ ಸುತ್ತ ಮಣ್ಣನ್ನು ಸರಿಯಾಗಿ ಗಟ್ಟಿ ಮಾಡುವುದು ಬಹಳ ಕಷ್ಟ. ಪೈಪಿನ ಒಳಗೆ ಹರಿಯಬೇಕಾದ ನೀರು ಅದರ ಹೊರಮೈ ಹಿಡಿದುಕೊಂಡು ಹರಿಯುತ್ತದೆ. ತೂಬಿನ ಬಾಯಿಯ ಹತ್ತಿರ ನಿಂತು ಇದನ್ನೇ ನೋಡಬೇಕು. ನೀರು ಕೊಳವೆಯ ಒಳಗಿಂದ ಬರುತ್ತಿದೆಯೋ, ಪಕ್ಕದಿಂದಲೋ? ಬಾಗಿಲು ಮುಚ್ಚಿದ ಮೇಲೂ ಪಕ್ಕ ಒದ್ದೆ ಇದ್ದರೆ ಅದೇ ಉತ್ತರ. ತೂಬಿನ ನೇರಕ್ಕೆ ಏರಿಯ ತಲೆಯಲ್ಲಿ ತಗ್ಗು ಬಿದ್ದಿದೆಯೇ ಅಂತಲೂ ನೋಡಿ. ಪುಣೆಯ ಹಿರಿಯರಿಗೆ 1961ರ ಜುಲೈ 12 ಅಂದರೆ ಸಾಕು. ಪಾನಶೇತ್‌ನ ಮಣ್ಣಿನ ಅಣೆಕಟ್ಟಿನಲ್ಲಿ ತೂಬಿನ ಕೆಲಸ ಪೂರ್ತಿ ಆಗದೆಯೇ ಕೆರೆ ತುಂಬಿತು. ತೂಬಿನ ಮೇಲಿನ ಏರಿ ಕುಸಿಯುತ್ತಾ ಬಂತು. ಸೈನಿಕರು ರಾತ್ರಿಯೆಲ್ಲ ಮರಳಿನ ಚೀಲ ಪೇರಿಸಿದರು. ಬೆಳಿಗ್ಗೆ ಅದು ಒಡೆಯಿತು, ಅದೇ ದಿನ ಕೆಳಗಿನ ಖಡಕ್ವಾಸ್ಲಾವೂ ಹೋಯಿತು, ಮುಠಾ ನದಿ ಪೇಟೆಗಳೊಳಗೆ ನುಗ್ಗಿತು.

ಬಿಲ, ಹುತ್ತ, ಬಿರುಕು

ಹೆಗ್ಗಣ, ಮುಳ್ಳುಹಂದಿ, ಏಡಿ ಎಲ್ಲವೂ ಏರಿಯಲ್ಲಿ ಬಿಲ ಮಾಡುತ್ತವೆ. ಬಾಯಿಗೆ ಕಲ್ಲು ತುರುಕಿದರೆ ಬಿಲ ಮುಚ್ಚಿದ ಹಾಗಲ್ಲ. ನೀರು ಕಡಿಮೆ ಇರುವಾಗ ಬಿಲದ ಕೊನೆಯವರೆಗೆ ಅಗೆದು, ಏರಿಯದೇ ಜಾತಿಯ ಮಣ್ಣನ್ನು ಸ್ವಲ್ಪ ಒದ್ದೆ ಮಾಡಿ, ಅರ್ಧ ಅಡಿಗೊಂದು ಪದರದಂತೆ ಗುದ್ದಿ ತುಂಬಬೇಕು.

ಗೆದ್ದಲಿನ ಹುತ್ತದ ವಿಷಯ ಸೂಕ್ಷ್ಮ. ಒಳಗೆ ಅದರ ದಾರಿಗಳು ಎಲ್ಲೆಲ್ಲಿಗೆ ಹೋಗಿರುತ್ತವೋ ಹೇಳಲಾಗದು. ನಮ್ಮ ಏರಿಯ ಹುತ್ತಕ್ಕೆ ವಾಡಿಯ ಹೆಣ್ಣುಮಕ್ಕಳು ನಾಗರ ಪಂಚಮಿಗೆ ಹಾಲೆರೆಯುತ್ತಿದ್ದರು. ನಾನೂ ಹಾಲೆರೆದು ಬೆಳೆದವಳೇ. ಕಿತ್ತುಹಾಕಿ ಅನ್ನಲು ಬಾಯಿ ಬರಲಿಲ್ಲ. ಅವರ ಮನೆಗೆ ಹೋಗಿ ಕೂತು, ಏರಿಯೊಳಗೆ ಏನಾಗುತ್ತದೆ ಅಂತ ಮಣ್ಣಿನ ಉಂಡೆ ಮಾಡಿ ತೋರಿಸಿ ಹೇಳಿದೆ. ಅವರಲ್ಲಿ ಹಿರಿಯಜ್ಜಿಯೇ ಗುಡ್ಡದ ಮೇಲಿನ ಇನ್ನೊಂದು ಹುತ್ತ ತೋರಿಸಿದರು. ಈಗ ಪೂಜೆ ಅಲ್ಲಿ. ಏರಿಯದನ್ನು ಬೇಸಿಗೆಯಲ್ಲಿ ಅಗೆದು ತುಂಬಿಸಿದೆವು.

ಕಪ್ಪು ಮಣ್ಣಿನ ಏರಿ ಮೇ ತಿಂಗಳಲ್ಲಿ ಬಿರಿಯುತ್ತದೆ. ಮೇಲ್ಮೈಯ ಸಣ್ಣ ಬಿರುಕುಗಳ ಜಾಲಕ್ಕೆ ಗಾಬರಿ ಬೇಡ. ಸರಳು ಇಳಿಸಿ ಆಳ ನೋಡಿ, ಫೋಟೊ ತೆಗೆದಿಡಿ. ಏರಿಗೆ ಅಡ್ಡಲಾಗಿ, ಕೆರೆಯಿಂದ ಹಿಂಬದಿಗೆ ದಾಟುವ ಬಿರುಕು ಎಲ್ಲಕ್ಕಿಂತ ಕೆಟ್ಟದ್ದು, ತುಂಬಿದ ಕೆರೆಗೆ ಅದು ಸಿದ್ಧ ಕಾಲುವೆ. ಅದರೊಳಗೆ ಸುಣ್ಣದ ನೀರು ಹೊಯ್ದು ಆಮೇಲೆ ಅಗೆದರೆ ಬಿಳಿ ಗೆರೆ ಎಲ್ಲಿಯವರೆಗೆ ಹೋಗಿದೆ ಅಂತ ಕಾಣುತ್ತದೆ. ಉದ್ದಕ್ಕೆ ಬಿದ್ದ ಬಿರುಕಿನ ಒಂದು ಅಂಚು ಇನ್ನೊಂದಕ್ಕಿಂತ ಕೆಳಗಿಳಿದು, ಬುಡದಲ್ಲಿ ಉಬ್ಬು ಕಂಡರೆ ಇಳಿಜಾರು ಜಾರುತ್ತಿದೆ ಅಂತ ಅರ್ಥ. ಆಗಲೂ ಇಂಜಿನಿಯರನ್ನು ಕರೆಸಿ.

ಏರಿಯ ತಲೆಯನ್ನು ವರ್ಷಕ್ಕೊಮ್ಮೆ ಮೇಸ್ತ್ರಿಗಳ ನೀರಿನ ಪೈಪಿನಿಂದ ಮಟ್ಟ ಹಿಡಿಯಿರಿ. 10 ಮೀಟರಿಗೊಂದು ಅಳತೆ ಸಾಕು. ಅತಿ ತಗ್ಗಿನ ಜಾಗ ಎಷ್ಟಿದೆಯೋ ನಿಮ್ಮ ಏರಿಯ ಎತ್ತರ ಅಷ್ಟೇ.

ಕೆಲಸಕ್ಕೆ ಅಂತ ನೀರು ಇಳಿಸುವಾಗ ಆತುರ ಬೇಡ. ಒಳಬದಿಯ ಮಣ್ಣು ನೀರು ಕುಡಿದು ಭಾರವಾಗಿರುತ್ತದೆ. ಎದುರಿನ ನೀರಿನ ಆಸರೆ ಒಮ್ಮೆಗೇ ಹೋದರೆ ಅದು ಜಾರುತ್ತದೆ. ನಾವು ದಿನಕ್ಕೆ ಒಂದು ಅಡಿಗಿಂತ ಜಾಸ್ತಿ ಇಳಿಸುವುದಿಲ್ಲ.

ಕಲಕು ನೀರು ಬಂದೇ ಬಿಟ್ಟರೆ

ಮೊದಲು ಕೆಳಗಿನ ಜನರನ್ನು ಎಬ್ಬಿಸಿ, ಆಮೇಲೆ ಏರಿಯ ಕೆಲಸ. ಈ ಕ್ರಮ ತಿರುಗಿಸಬೇಡಿ. ಸುಳ್ಳು ಎಚ್ಚರಿಕೆ ಆದೀತು ಅನ್ನುವ ಸಂಕೋಚ ಬೇಡ. ವಾಡಿಗೆ, ಪೊಲೀಸ್ ಪಾಟೀಲರಿಗೆ, ಸರಪಂಚರಿಗೆ ಹೇಳಿ, 112ಕ್ಕೆ ಫೋನ್ ಮಾಡಿ, ತಹಸೀಲ್ದಾರ್ ಕಚೇರಿಗೆ ತಿಳಿಸಿ. ನಂತರ ತೂಬು ಪೂರ್ತಿ ತೆರೆಯಿರಿ, ಕೋಡಿಯಲ್ಲಿ ಅಡ್ಡ ಇರುವುದನ್ನೆಲ್ಲ ತೆಗೆಯಿರಿ. ಇಲ್ಲಿ ಮಾತ್ರ ದಿನಕ್ಕೆ ಒಂದು ಅಡಿಯ ನಿಯಮ ಇಲ್ಲ. ಒಸರಿನ ಬಾಯಿಗೆ ಮರಳು, ಜಲ್ಲಿ ಹಾಕುವುದು ಅದಿನ್ನೂ ಸಣ್ಣದಿದ್ದಾಗ ಮಾತ್ರ. ಬಾಯಿ ಕಣ್ಣೆದುರೇ ದೊಡ್ಡದಾಗುತ್ತಿದ್ದರೆ, ಅಥವಾ ಕೆರೆಯ ನೀರಿನಲ್ಲಿ ಸುಳಿ ತಿರುಗುತ್ತಿದ್ದರೆ, ಯಾರೂ ಏರಿಯ ಮೇಲೆ, ಕೆಳಗೆ ನಿಲ್ಲಬಾರದು. ನೀರು ಇಳಿಸಲು ಅಂತ ಏರಿಯನ್ನು ನೀವೇ ಕಡಿಯಬೇಡಿ.

ವಾಡಿಯವರೆಗೆ ಹಳ್ಳದ ಗುಂಟ ನಾನು ಗಡಿಯಾರ ಹಿಡಿದು ನಡೆದಿದ್ದೇನೆ. ನನಗೆ 11 ನಿಮಿಷ ಬೇಕಾಯಿತು. ನೀರು ಸೆಕೆಂಡಿಗೆ 2 ಮೀಟರಿನಂತೆ ಹೋದರೂ 6 ನಿಮಿಷಕ್ಕೆ ಮುಟ್ಟುತ್ತದೆ. ಓಡಿಹೋಗಿ ಹೇಳುವ ಮಾತೇ ಇಲ್ಲ. ಅಲ್ಲಿ ಮಳೆ ಬಂದರೆ ಮೊಬೈಲ್ ನೆಟ್‌ವರ್ಕೂ ಸಿಗುವುದಿಲ್ಲ. ಇದನ್ನು ಹೇಳಲು ಹೋದಾಗ ಒಬ್ಬ ಹುಡುಗಿ ಕೇಳಿದಳು, ರಾತ್ರಿ ಆದರೆ ನಮಗೆ ಹೇಗೆ ಗೊತ್ತಾಗಬೇಕು ಅಂತ.

ಚಪ್ಪರದ ದುಡ್ಡಿನಲ್ಲಿ ಬ್ಯಾಟರಿಯ ಸೈರನ್ ತಂದು ಮಾಮಾ ಅವರ ಕೋಣೆಯ ಮೇಲೆ ಕೂರಿಸಿದೆವು. ಅದು ಕೇಳದಿದ್ದರೆ ಇರಲಿ ಅಂತ, ವಾಡಿಯ ಮೇಲಿನ ದಿಬ್ಬದಲ್ಲಿರುವ ದೇವಸ್ಥಾನದ ಗಂಟೆ ಹೊಡೆಯಲು ಅಲ್ಲಿಯೇ ಮೇಲ್ಗಡೆ ಇರುವ ಎರಡು ಮನೆಯವರು ಒಪ್ಪಿದ್ದಾರೆ. ಗಂಟೆ ಕೇಳಿದರೆ ದನ ಬಿಚ್ಚಿ ಬಿಡುವುದು, ದೇವಸ್ಥಾನದ ದಿಬ್ಬಕ್ಕೆ ಹತ್ತುವುದು, ಹಳ್ಳ ದಾಟದಿರುವುದು. ಜೂನ್ ಮೊದಲ ಭಾನುವಾರ ಹತ್ತು ಗಂಟೆಗೆ, ಎಲ್ಲರಿಗೂ ಮೊದಲೇ ಹೇಳಿ, ಸೈರನ್ ಒಮ್ಮೆ ಹಾಕುತ್ತೇವೆ. ಹೋದ ವರ್ಷ ಗಾಳಿ ಎದುರಿದ್ದು ಕೊನೆಯ ಮೂರು ಮನೆಗೆ ಕೇಳಿಸಲಿಲ್ಲ. ಈ ವರ್ಷ ಆ ಕಡೆಗೆ ಇನ್ನೊಂದು ಸೈರನ್ ಹಾಕಿಸುತ್ತಿದ್ದೇವೆ.